ಫ್ಲೆಕ್ಸಿನ ಮೂರನೆಯ ಸಾಲು

ಹಿನಬುಯಾನ್, ಸಾಮಾರ್ ದ್ವೀಪ
16 ಜನವರಿ 2009

ಇಂದಾಯ್ ಜೊವಿ,

ನೀನು ಹತ್ತಿದ ಬಸ್ಸು ಮನಿಲಾ ಮುಟ್ಟಿತೋ ಇಲ್ಲವೋ ಎಂದು ಐದು ದಿನ ನನಗೆ ಊಟ ಸೇರಲಿಲ್ಲ. ನಿನ್ನೆ ಕಂಡಕ್ಟರ್ ಡೊಡೊಂಗ್ ವಾಪಸು ಬಂದವನು, ನಿನ್ನ ಹಾಗೆಯೇ ಅಕ್ಕ ಎಂದು ಕರೆದು, “ಮಾನಾ, ನಿಮ್ ತಂಗಿ ಸುಖವಾಗಿ ಇಳಿದ್ಲು. ತಿರುಗಿ ಒಂದ್ಸಲ ಕೈಯೂ ಬೀಸ್ಲಿಲ್ಲ” ಎಂದ. ಇಳಿದದ್ದಕ್ಕೆ ಸಮಾಧಾನವಾಯಿತು, ಕೈ ಬೀಸದಿದ್ದಕ್ಕೆ ಸಿಟ್ಟು ಬಂತು. ಬೀಸಿದ್ದರೆ ಕೈಯೇನು ಸವೆಯುತ್ತಿತ್ತೇ? ನಮ್ಮ ಕಾಗದ ಹೊರುವವನು ಅವನೇ ತಾನೆ. ಚಂಡಮಾರುತಕ್ಕೆ ಬಿದ್ದ ಫೋನಿನ ಟವರನ್ನು ಇನ್ನೂ ಎತ್ತಿಲ್ಲ. ಹದಿನಾಲ್ಕು ತಿಂಗಳಾಯಿತು.

ಇದರ ಜೊತೆ ಒಣಮೀನು, ಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಇಟ್ಟಿದ್ದೇನೆ. ಕಡುಬನ್ನು ಬಂದ ದಿನವೇ ತಿನ್ನು. ಹಳಸಿದ್ದು ವಾಸನೆ ಬರದಿದ್ದರೂ ಹೊಟ್ಟೆ ಕೆಡಿಸುತ್ತದೆ. ಕೆಮ್ಮು ಹೋಯಿತೇ? ನಿನ್ನ ಹಾಸ್ಟೆಲಿನ ಕಿಟಕಿಗೆ ಗಾಜಿಲ್ಲ ಎಂದಿದ್ದೆಯಲ್ಲ, ಅಲ್ಲಿ ರಟ್ಟನ್ನಾದರೂ ಹಚ್ಚು.

ಒಂದು ಮಾತು ಕೇಳುತ್ತೇನೆ, ಬೈಯಬೇಡ. ಅಮ್ಮ ನಿನ್ನನ್ನು ಹೆತ್ತು ತೀರಿಕೊಂಡ ವರ್ಷ ಐದನೇ ತರಗತಿಯ ಪುಸ್ತಕ ಅಟ್ಟಕ್ಕೆ ಹಾಕಿದವಳು ನಾನು, ನನಗೇನು ತಿಳಿಯುತ್ತದೆ. ಆದರೂ ಪತ್ರಿಕೋದ್ಯಮ ಓದುವವರಿಗೆ ಸಿಮೆಂಟಿನ ಪಾಠ ಯಾಕೆ? ಕ್ರಿಸ್ಮಸ್ ರಜೆಗೆ ಬಂದವಳು ಮೂರು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಅಣ್ಣನಂಥ ಮೇಸ್ತ್ರಿ ಮಾನೊ ಇಲ್ಯೊಂಗನ ಎದುರು ಕೂತು ಬರೆದದ್ದೇ ಬರೆದದ್ದು. ಅವನೂ ಅಷ್ಟು ಮಾತಾಡಿದ್ದನ್ನು ನಾನು ಈಚೆಗೆ ಕಂಡಿರಲಿಲ್ಲ. ಚಂಡಮಾರುತದ ದಿನ ಜನ ಓಡಿಹೋಗಿ ಸೇರಿದ್ದ ಆಶ್ರಯ ಕಟ್ಟಡದ ಚಾವಣಿ ಕುಸಿದು ಹತ್ತೊಂಬತ್ತು ಜನ ಸತ್ತರಲ್ಲ, ಅಂದಿನಿಂದ ಅವನ ಬಾಯಿ ಹೊಲಿದಂತಾಗಿತ್ತು. ಅಲ್ಲಿ ಗಾರೆ ಕೆಲಸ ಮಾಡಿದವರಲ್ಲಿ ಅವನೂ ಒಬ್ಬ. ಗಾಳಿಗೆ ಬಿದ್ದ ಮನೆಗೆ ಮೇಸ್ತ್ರಿ ಏನು ಮಾಡುತ್ತಾನೆ? ಹತ್ತೊಂಬತ್ತು ಶವಪೆಟ್ಟಿಗೆಯನ್ನೂ ಮೇಯರೇ ಕೊಡಿಸಿ ಹೆಗಲು ಕೊಟ್ಟಿದ್ದನ್ನು ಊರೇ ನೋಡಿದೆ.

ಇಲ್ಯೊಂಗನ ಹೆಂಡತಿ ಸಾನಿಂಗ್ ನಿನ್ನನ್ನು ಕೇಳುತ್ತಿದ್ದಳು. “ನಿನ್ ತಂಗಿ ಬಂದ್ಹೋದ್ಮೇಲೆ ನಮ್ಮನೇವ್ರು ಸ್ವಲ್ಪ ಉಣ್ತಾರೆ ಮಾರಾಯ್ತಿ, ಇನ್ನೊಂದ್ಸಲ ಕರೆಸು” ಎಂದಳು.

ರಸ್ತೆ ದಾಟುವಾಗ ಎರಡೂ ಕಡೆ ನೋಡು.

ನಿನ್ನ ಅಕ್ಕ,
ಡೊರಾಯ್

ಮನಿಲಾ
29 ಜನವರಿ 2009

ಮಾನಾ,

ಕಡುಬು ಹಳಸುವ ಮೊದಲೇ ಕೋಣೆಯ ಹುಡುಗಿಯರು ಮುಗಿಸಿದರು. ಕೆಮ್ಮಿಲ್ಲ. ರಟ್ಟು ಹಚ್ಚಿದೆ.

ಸಿಮೆಂಟಿನ ವಿಷಯ: ಕೊನೆಯ ವರ್ಷದವರೆಲ್ಲ ಒಂದು ದೊಡ್ಡ ವರದಿ ಬರೆದು ಒಪ್ಪಿಸಬೇಕು. ನಾನು ಕಟ್ಟಡ ಕಟ್ಟುವುದರ ಬಗ್ಗೆ ಬರೆಯುತ್ತಿದ್ದೇನೆ. ಮನೆಪಾಠ ಎಂದುಕೊ. ನಮ್ಮ ಮೇಡಂ ಬೆಲ್ಮೊಂತೆ ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದು ಬಂದವರು, ಒಂದು ಸಂಗತಿಯನ್ನು ಇಬ್ಬರ ಬಾಯಿಂದ ಕೇಳದೆ ಬರೆದರೆ ಹಾಳೆಯನ್ನು ಅಲ್ಲೇ ಹರಿದು ಕೈಗೆ ಕೊಡುತ್ತಾರೆ. ನನ್ನದನ್ನು ಆರು ಸಲ ಹರಿದಿದ್ದಾರೆ. ಮೊನ್ನೆ ತರಗತಿಯಲ್ಲಿ ಹೇಳಿದರು: “ಒಬ್ಬ ನಿಮ್ಮ ಹತ್ರ ಬಾಯಿ ಬಿಟ್ಟ ಅಂದ್ರೆ ಮನೆ ಕೀಲಿ ಕೊಟ್ಟ ಅಂತ ಅರ್ಥ. ಕೀಲಿ ಕಳ್ಕೊಂಡು ಆಮೇಲೆ ನನ್ ಮುಂದೆ ಅಳ್ತಾ ನಿಲ್ಬೇಡಿ.”

ವರದಿ ಮುಗಿಯುವ ತನಕ ನನ್ನ ಕೆಲಸದ ವಿಷಯ ಯಾರ ಹತ್ತಿರವೂ ಆಡಬೇಡ. ಬಾಯಿಂದ ಬಾಯಿಗೆ ಹೋದರೆ ಕೆಲಸ ಕೆಡುತ್ತದೆ, ಅಷ್ಟೇ. ಹೆದರುವಂಥದ್ದೇನಿಲ್ಲ.

ಮಾನೊ ಇಲ್ಯೊಂಗ್ ಹೇಗಿದ್ದಾನೆ? ಅವನು ಊಟ ಮಾಡುತ್ತಿದ್ದಾನೆ ಎಂದು ಓದಿ ನಾನೂ ಎರಡು ತುತ್ತು ಹೆಚ್ಚು ತಿಂದೆ.

ಜೊವಿ

ಹಿನಬುಯಾನ್
10 ಫೆಬ್ರವರಿ 2009

ಇಂದಾಯ್ ಜೊವಿ,

ಹೆದರುವಂಥದ್ದೇನಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆಯೇ ನನಗೆ ಹೆದರಿಕೆ ಶುರುವಾದದ್ದು. ಕೇಳದೆ ಇದ್ದವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಪಕ್ಕದ ಊರಿನ ರೇಡಿಯೋದಲ್ಲಿ ಬೆಳಿಗ್ಗೆ ಮಾತಾಡುತ್ತಿದ್ದವನನ್ನು ಹೋದ ವಾರ ಪೇಟೆಯಲ್ಲಿ ಗುಂಡಿಟ್ಟು ಕೊಂದರು. ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದನಂತೆ. ಆ ಸುದ್ದಿಯನ್ನು ನನ್ನ ಅನ್ನದಂಗಡಿಯಲ್ಲಿ ಕೂತು ಹಂದಿಮಾಂಸ ಮಾರುವ ಪಾಸಿಂಗ್ ಮೂಳೆ ಚೀಪುತ್ತ ಹೇಳಿದ.

“ನಿನ್ ತಂಗೀನೂ ಅದೇ ಓದೋದಲ್ವಾ ಡೊರಾಯ್? ಈಗ್ಲೇ ಒಂದೊಳ್ಳೆ ಫೋಟೋ ತೆಗೆಸಿಡು. ಪೆಟ್ಟಿಗೆ ಮೇಲಿಡೋಕೆ ಆಮೇಲೆ ಹುಡುಕೋದು ಕಷ್ಟ.”

“ನಿನ್ನ ಫೋಟೋ ನಿನ್ ಹಂದಿ ಹತ್ರ ತೆಗೆಸ್ಕೋ, ಇಬ್ರದ್ದೂ ಒಂದೇ ಖರ್ಚಲ್ಲಿ ಆಗತ್ತೆ” ಎಂದು ಸಾರಿನ ಸೌಟು ತೋರಿಸಿದೆ. ಎಲ್ಲ ನಕ್ಕರು.

ಜೊವಿ, ಟೀವಿಯಲ್ಲಿ ತಣ್ಣನೆಯ ಕೋಣೆಯಲ್ಲಿ ಕೂತು, ಬೇರೆಯವರು ಬರೆದುಕೊಟ್ಟದ್ದನ್ನು ಚೆಂದವಾಗಿ ಓದುತ್ತಾರಲ್ಲ, ಆ ಕೆಲಸ ಹಿಡಿ. ನಿನಗೆ ಒಳ್ಳೆಯ ಕಂಠವಿದೆ, ಮುಖ ಅಮ್ಮನದು. ಇನ್ನೊಬ್ಬರು ಬರೆದದ್ದನ್ನು ಓದಿದವರನ್ನು ಯಾರೂ ಹೊಡೆಯುವುದಿಲ್ಲ.

ನೀನು ಹೇಳಿದಂತೆ ಯಾರ ಹತ್ತಿರವೂ ಆಡಿಲ್ಲ. ಮುಗಿಯುವ ತನಕ ಆಡುವುದಿಲ್ಲ. ಮುಗಿದ ದಿನ ತಿಳಿಸು. ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೂ ಸಾಕಾಗಿದೆ. ಇಪ್ಪತ್ತೆರಡು ವರ್ಷ ಸಾಕಿದವಳಿಗೆ ಒಂದು ದಿನ ತಲೆಯೆತ್ತಿ ಹೇಳಿಕೊಳ್ಳುವ ಆಸೆ ಇರುವುದಿಲ್ಲವೇ?

ಡೊರಾಯ್

ಮನಿಲಾ
2 ಮಾರ್ಚ್ 2009

ನನ್ನ ಮುದ್ದು ಮಾನಾ,

ಮುಗಿಯಿತು! ಬರೀ ಮುಗಿದದ್ದಲ್ಲ, ಬಹುಮಾನ ಬಂತು! ಹನ್ನೊಂದು ಕಾಲೇಜುಗಳ ವರದಿಗಳಲ್ಲಿ ನನ್ನದು ಮೊದಲನೆಯದು. ಮೇಡಂ ಬೆಲ್ಮೊಂತೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಇದನ್ನ ಹರಿಯೋಕೆ ನನಗೆ ಧೈರ್ಯ ಬರ್ಲಿಲ್ಲ ಕಣೇ” ಎಂದರು. ಅವರ ಬಾಯಿಂದ ಅದಕ್ಕಿಂತ ಹೆಚ್ಚು ಯಾರೂ ಕೇಳಿಲ್ಲವಂತೆ.

ಇನ್ನೂ ಇದೆ. ಇಲ್ಲಿನ ಒಂದು ದೊಡ್ಡ ಪತ್ರಿಕೆ ಏಪ್ರಿಲ್ ಕೊನೆಗೆ ಅದನ್ನು ಅಚ್ಚು ಹಾಕುತ್ತದೆ. ಆಮೇಲೆ ಅಲ್ಲೇ ನನಗೆ ವರದಿಗಾರ್ತಿಯ ಕೆಲಸ ಸಿಗಬಹುದು. ನಾಳೆಯಿಂದ ತರಬೇತಿಗೆ ಅವರ ಇನ್ನೊಂದು ಕಚೇರಿಗೆ ಹೋಗುತ್ತಿದ್ದೇನೆ, ಸುಮಾರು ಮೂರು ವಾರ ಮನಿಲಾದಿಂದ ಹೊರಗೆ.

ಪದವಿ ಪ್ರದಾನ ಏಪ್ರಿಲ್ 25ಕ್ಕೆ. ವೇದಿಕೆಗೆ ನನ್ನ ಜೊತೆ ನೀನು ಬಂದು ಪದಕ ತೊಡಿಸಬೇಕು. ಹೊಸ ಚಪ್ಪಲಿ ಕೊಂಡುಕೋ, ಆ ನೀಲಿ ಹವಾಯಿ ಹಾಕಿಕೊಂಡು ಬಂದರೆ ನಾನು ಗುರುತೇ ಹಿಡಿಯುವುದಿಲ್ಲ!

ಬಹುಮಾನ ಪತ್ರದ ಪ್ರತಿ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ. ನಿನ್ನ ದಿಂಬಿನ ಕೆಳಗೆ ಇಟ್ಟುಕೋ.

ಜೊವಿ

ಹಿನಬುಯಾನ್
14 ಮಾರ್ಚ್ 2009

ಇಂದಾಯ್ ಜೊವಿ,

ದಿಂಬಿನ ಕೆಳಗೆ ಯಾಕೆ ಇಡಲಿ? ಇಡೀ ಊರಿನ ಕಣ್ಣಿಗೆ ಇಟ್ಟಿದ್ದೇನೆ. ನಿನ್ನ ಹೆಸರು ಈಗ ಪೇಟೆಯ ಮೂಲೆಯಲ್ಲಿ, ದೋಣಿಗಟ್ಟೆಗೆ ಹೋಗುವ ರಸ್ತೆಗೆ ಅಡ್ಡಲಾಗಿ, ಎರಡು ತೆಂಗಿನಮರಗಳ ನಡುವೆ ಹಾರಾಡುತ್ತಿದೆ.

ನಿನಗೆ ಗೊತ್ತಲ್ಲ, ನರ್ಸಿಂಗ್ ಪಾಸಾದವರಿಗೂ ಫ್ಲೆಕ್ಸು, ಎರಡನೇ ಸಲಕ್ಕೆ ಡ್ರೈವಿಂಗ್ ಪಾಸಾದ ನೆನೆಂಗಳ ಮಗನಿಗೂ ಫ್ಲೆಕ್ಸು. ನಿನಗೆ ಇಲ್ಲದೆ ಹೋದರೆ ಜನ ಏನಂದಾರು? ಪುರಸಭೆಯಲ್ಲಿ ಪುಕ್ಕಟೆ ಮಾಡಿಕೊಡುತ್ತಾರೆ, ಮೂಲೆಯಲ್ಲಿ ಮೇಯರನ ಫೋಟೋ ಇದ್ದರೆ ಸಾಕು. ಮೇಯರ್ ಊರಲ್ಲಿರಲಿಲ್ಲ. ಅವನ ಕಾರ್ಯದರ್ಶಿ ಮಿಸ್ ಟೆಸ್ ಕಂಪ್ಯೂಟರಿನ ಮುಂದೆ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು.

“ಏನ್ ಪಾಸಾದ್ಲು ನಿಮ್ ಹುಡುಗಿ?”

“ಪಾಸಲ್ಲಮ್ಮ, ಬಹುಮಾನ. ಇಗೋ, ಪತ್ರ.”

“ಅಯ್ಯೋ, ಎಷ್ಟುದ್ದ ಹೆಸರು ಈ ವರದಿಗೆ! ಇಂಗ್ಲಿಷ್ ನೋಡ್ಕೊಂಡು ಹಂಗೇ ಹೊಡೀತೀನಿ. ಕೆಳಗಡೆ ಯಾರ್ಗಾದ್ರೂ ಥ್ಯಾಂಕ್ಸ್ ಹೇಳೋದಿದ್ಯಾ? ಎಲ್ರೂ ಹಾಕಿಸ್ತಾರೆ.”

ನಾನು ಒಂದು ಗಳಿಗೆ ಯೋಚಿಸಿದೆ. ಉಪಕಾರ ಮರೆತವರು ಎಂದು ನಮ್ಮ ಮನೆಯನ್ನು ಯಾರೂ ಅನ್ನಬಾರದು. ಅಪ್ಪ ಸಮುದ್ರದ ಪಾಲಾದ ವರ್ಷ ನಮ್ಮ ಅಡುಗೆಮನೆಯ ಗೋಡೆ ಎತ್ತಿಕೊಟ್ಟವನು, ಈಗ ನಿನಗೆ ಕೆಲಸ ಬಿಟ್ಟು ಮೂರು ದಿನ ಪಾಠ ಹೇಳಿದವನು. ಇಲ್ಯೊಂಗನ ಪೂರ್ತಿ ಹೆಸರನ್ನೇ ಬರೆಸಿದೆ. ಮೊದಲ ಸಾಲು ಅಭಿನಂದನೆಗಳು ಮತ್ತು ನಿನ್ನ ಹೆಸರು. ಎರಡನೆಯದು ಇಂಗ್ಲಿಷಿನಲ್ಲಿ ನಿನ್ನ ವರದಿಯ ಹೆಸರು. ಮೂರನೆಯ ಸಾಲು, “ಸಿಮೆಂಟು ಮರಳಿನ ವಿಷಯವನ್ನೆಲ್ಲ ತಿಳಿಸಿಕೊಟ್ಟ ಮೇಸ್ತ್ರಿ ಎಲಿಹಿಯೊ ಕಾಬುಯಾವೊ ಅವರಿಗೆ ವಂದನೆಗಳು.”

ಬುಧವಾರ ಕಟ್ಟಿಸಿದೆ. ಪಾಸಿಂಗ್ ಬಾಯಿ ಮುಚ್ಚಿಕೊಂಡು ನೋಡಿದ. ಸಾನಿಂಗ್ ತಲೆ ಬಾಚಿಕೊಂಡು ಬಂದು ಕೆಳಗೆ ನಿಂತು ಗಂಡನ ಹೆಸರನ್ನು ಬೆರಳಿನಿಂದ ತೋರಿಸಿ ತೋರಿಸಿ ಓದಿದಳು. ಆಮೇಲೆ ಇಲ್ಯೊಂಗ್ ಬಂದ. ಮೈಯೆಲ್ಲ ಸುಣ್ಣ. ತಲೆಯೆತ್ತಿ ನಿಂತ, ಬಹಳ ಹೊತ್ತು ನಿಂತ. ಓದುವುದರಲ್ಲಿ ಅವನೂ ನನ್ನ ಹಾಗೆಯೇ ನಿಧಾನ.

“ಇದನ್ನ ನೀನೇ ಬರೆಸಿದ್ಯಾ ಡೊರಾಯ್?”

“ಮತ್ಯಾರು? ನಾಚ್ಕೋಬೇಡ ಮಾನೊ, ಸಲ್ಲಬೇಕಾದ್ದು ಸಲ್ಲಬೇಕು.”

“ಆಯ್ತು ಬಿಡು. ಇನ್ಮೇಲೆ ಊರೆಲ್ಲ ನನ್ನ ಮೇಷ್ಟ್ರೇ ಅಂತ ಕರೀತಾರೆ” ಎಂದು ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ.

ಹೊಸ ಚಪ್ಪಲಿ ಕೊಂಡೆ. ಹಿಮ್ಮಡಿ ಕಚ್ಚುತ್ತದೆ. ಏಪ್ರಿಲಿಗೆ ಸರಿಹೋಗುತ್ತದೆ ಎಂದು ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿದ್ದೇನೆ.

ಡೊರಾಯ್

ಹಿನಬುಯಾನ್
20 ಮಾರ್ಚ್ 2009

ಜೊವಿ,

ನಿನ್ನಿಂದ ಕಾಗದವಿಲ್ಲ. ತರಬೇತಿಯಲ್ಲಿ ಇರಬೇಕು ಎಂದುಕೊಳ್ಳುತ್ತೇನೆ. ಆದರೂ ಎರಡು ಗೆರೆ ಗೀಚಬಾರದೇ?

ಒಂದು ಕೆಟ್ಟ ಸುದ್ದಿ, ಒಂದು ಒಳ್ಳೆಯ ಸುದ್ದಿ. ಮೊನ್ನೆ ಬೆಳಿಗ್ಗೆ ನೋಡಿದರೆ ನಿನ್ನ ಫ್ಲೆಕ್ಸ್ ಇಲ್ಲ. ಗಾಳಿಯೂ ಇರಲಿಲ್ಲ, ಹಗ್ಗ ಕತ್ತರಿಸಿದ ಹಾಗಿದೆ. ಹಂದಿಗೂಡಿಗೆ ಹೊದಿಸಲು ಪಾಸಿಂಗನೇ ಕದ್ದಿರಬೇಕು ಎಂದು ಅವನ ಗೂಡಿನ ತನಕ ಹೋಗಿ ನೋಡಿ ಬಂದೆ, ಅಲ್ಲಿಲ್ಲ. ಪುರಸಭೆಗೆ ಹೋಗಿ ಇನ್ನೊಂದು ಮಾಡಿಕೊಡಿ ಎಂದೆ. ಮಿಸ್ ಟೆಸ್ ನನ್ನ ಮುಖ ನೋಡಲಿಲ್ಲ. “ಮಷೀನ್ ಕೆಟ್ಟಿದೆ ಮಾನಾ, ಹೋಗಿ” ಎಂದಳು. ಅವಳ ಕಣ್ಣು ಊದಿತ್ತು. ಗಂಡನ ಜೊತೆ ಜಗಳವಾಡಿರಬೇಕು ಪಾಪ.

ಒಳ್ಳೆಯ ಸುದ್ದಿ ಇಲ್ಯೊಂಗನದು. ಮೇಯರ್ ಊರಿಗೆ ಬಂದಿದ್ದಾನೆ. ನಿನ್ನೆ ಅವನ ಕಡೆಯ ಇಬ್ಬರು ನನ್ನ ಅಂಗಡಿಯಲ್ಲೇ ಉಂಡರು, ಎದುರಿನ ಸಣ್ಣ ದ್ವೀಪದಲ್ಲಿ ಮೇಯರನ ಹೊಸ ಮನೆಗೆ ಗಾರೆ ಕೆಲಸವಿದೆ, ಇಲ್ಯೊಂಗನೇ ಬೇಕು ಎಂದರು. ಅವನ ಮನೆ ಯಾವುದು ಎಂದು ಕೇಳಿದರು. ನಾನೇ ಸೌಟು ಕೆಳಗಿಟ್ಟು ಜೊತೆಗೆ ಹೋಗಿ ತೋರಿಸಿದೆ. ನೋಡು, ಫ್ಲೆಕ್ಸಿನಲ್ಲಿ ಹೆಸರು ಬಂದದ್ದೇ ಬಂದದ್ದು, ಮೇಯರನಿಗೂ ಅವನ ನೆನಪಾಯಿತು! ಆಶ್ರಯ ಕಟ್ಟಡ ಬಿದ್ದ ಮೇಲೆ ಅವನಿಗೆ ದೊಡ್ಡ ಕೆಲಸ ಯಾರೂ ಕೊಟ್ಟಿರಲಿಲ್ಲ. ನಾಳೆ ಬೆಳಗಿನ ದೋಣಿಗೆ ಹೊರಡುತ್ತಾನೆ. ಸಾನಿಂಗ್ ಅಂಗಿಗಳನ್ನು ಒಗೆದು ಹಾಕಿದ್ದಾಳೆ.

ಚಪ್ಪಲಿ ಈಗ ಕಚ್ಚುವುದಿಲ್ಲ.

ಡೊರಾಯ್

ಮನಿಲಾ
21 ಮಾರ್ಚ್ 2009

ಮಾನಾ,

ತರಬೇತಿಯಿಂದ ಇಂದು ಮಧ್ಯಾಹ್ನ ಬಂದೆ. ನಿನ್ನ 14ರ ಕಾಗದ ಬಸ್ ಡಿಪೋದಲ್ಲಿ ಐದು ದಿನದಿಂದ ಬಿದ್ದಿತ್ತು. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಬಹುದಿತ್ತು, ತರಿಸಲಿಲ್ಲ.

ಇದನ್ನು ಓದಿದ ಕೂಡಲೇ ಫ್ಲೆಕ್ಸನ್ನು ಇಳಿಸಿ ಸುಡು. ಮಾನೊ ಇಲ್ಯೊಂಗನನ್ನು ಊರು ಬಿಡಿಸು. ಸಾನಿಂಗಳ ತವರಿಗೆ ಹೋಗಲಿ. ಯಾರು ಕರೆದರೂ, ಎಷ್ಟೇ ನಯವಾಗಿ ಕರೆದರೂ, ಕೆಲಸಕ್ಕೆ ಹೋಗಕೂಡದು. ದೋಣಿ ಹತ್ತಕೂಡದು. ನೀನು ಫಾದರ್ ಬಳಿಗೆ ಹೋಗಿ ಚರ್ಚಿನಲ್ಲೇ ಮಲಗು.

ನಿನಗೆ ಹೇಳದೆ ತಪ್ಪು ಮಾಡಿದೆ. ನನ್ನ ವರದಿ ಇದ್ದದ್ದು ಆಶ್ರಯ ಕಟ್ಟಡದ ಮೇಲೆ. ಅದಕ್ಕೆ ಹೊಳೆಯ ಮರಳು ತರಿಸದೆ ಸಮುದ್ರದ ಮರಳು ಹಾಕಿದ್ದರು, ಕಂಬದೊಳಗೆ ಇರಬೇಕಾದ ಕಬ್ಬಿಣದಲ್ಲಿ ಅರ್ಧ ಮೇಯರನ ಮನೆಗೆ ಹೋಗಿತ್ತು. ಕಲಸಿದವನು ಇಲ್ಯೊಂಗ್. ಬೇಡ ಎಂದು ಹೇಳಿದ್ದಕ್ಕೆ ಮೇಯರನೇ ಎದುರು ನಿಂತು ಕಲಸಿಸಿದನಂತೆ. ಮೂರು ದಿನ ಅವನು ನನಗೆ ಹೇಳಿದ್ದು ಅದನ್ನು. ವರದಿಯಲ್ಲಿ ಅವನಿಗೆ ಹೆಸರಿಲ್ಲ. “ಒಬ್ಬ ಕೆಲಸಗಾರ” ಎಂದಷ್ಟೇ ಇದೆ. ಮೇಡಮ್ಮಿಗೂ ನಾನು ಹೆಸರು ಹೇಳಿರಲಿಲ್ಲ. ಫ್ಲೆಕ್ಸಿನ ಎರಡನೆಯ ಸಾಲಿನ ಇಂಗ್ಲಿಷು ಏನೆಂದರೆ, “ಹಿನಬುಯಾನಿನಲ್ಲಿ ಹತ್ತೊಂಬತ್ತು ಜನರನ್ನು ಕೊಂದದ್ದು ಗಾಳಿಯಲ್ಲ.” ಅದರ ಕೆಳಗೆ ನೀನು ಅವನ ಹೆಸರು ಬರೆಸಿದ್ದೀಯ, ಮಾನಾ.

ನಾನೇ ಹೊರಟು ಬರುತ್ತಿದ್ದೆ. ಮೇಡಂ ತೋಳು ಹಿಡಿದು ನಿಲ್ಲಿಸಿದ್ದಾರೆ. ನಮ್ಮ ಜಿಲ್ಲೆಯ ಪೊಲೀಸರಿಗೆ ಫೋನ್ ಮಾಡಿದರು. ಅವರು ಹೆಸರು ಬರೆದುಕೊಂಡು, “ಮೇಯರ್ ಹತ್ರ ವಿಚಾರಿಸ್ತೀವಿ” ಎಂದರಂತೆ.

ಈ ಕಾಗದವನ್ನು ಡೊಡೊಂಗನ ಕೈಗೇ ಕೊಡುತ್ತೇನೆ. ಎಲ್ಲೂ ಇಳಿಯದೆ ಬಾ ಎಂದು ಕಾಲು ಹಿಡಿದು ಹೇಳುತ್ತೇನೆ.

ಜೊವಿ

ಹಿನಬುಯಾನ್
27 ಮಾರ್ಚ್ 2009

ಜೊವಿ,

ನಿನ್ನ ಕಾಗದ ನಿನ್ನೆ ಬಂತು. ಸಮುದ್ರ ಎದ್ದಿತ್ತೆಂದು ಮತ್ನೋಗ್ ಬಂದರಿನಲ್ಲಿ ಬಸ್ಸುಗಳನ್ನು ಮೂರು ದಿನ ಹಡಗಿಗೆ ಹತ್ತಿಸಲಿಲ್ಲವಂತೆ. ಡೊಡೊಂಗ್ ಅಳುತ್ತ ಕೊಟ್ಟ. ಅವನ ತಪ್ಪೇನಿದೆ.

ಇಲ್ಯೊಂಗ್ 24ರ ಬೆಳಿಗ್ಗೆ ಸಿಕ್ಕಿದ. ದ್ವೀಪದ ಆಚೆ ಮೀನಿಗೆ ಹಾಕಿದ ಬಿದಿರ ಬೇಲಿಯಲ್ಲಿ ಸಿಕ್ಕಿಕೊಂಡಿದ್ದ. ಕುಡಿದು ದೋಣಿಯಿಂದ ಬಿದ್ದ ಎಂದು ಪೊಲೀಸರು ಬರೆದುಕೊಂಡರು. ಹೊಟ್ಟೆಹುಣ್ಣಾದ ಮೇಲೆ ಅವನು ನಾಲ್ಕು ವರ್ಷದಿಂದ ಕಳ್ಳು ಮುಟ್ಟಿಲ್ಲ ಎಂದು ಸಾನಿಂಗ್ ಹೇಳಿದಳು. “ಹಾಗಾದ್ರೆ ಅಭ್ಯಾಸ ತಪ್ಪಿತ್ತು, ಅದ್ಕೇ ಬಿದ್ದ” ಎಂದರು. ಅವನ ಎರಡೂ ಕೈಯ ಬೆರಳುಗಳ ವಿಷಯ ನಾನು ಬರೆಯುವುದಿಲ್ಲ.

ಮೇಯರ್ ಪೆಟ್ಟಿಗೆ ಕಳಿಸಿದ. ಒಳ್ಳೆಯ ಮರದ್ದು. ಸಾನಿಂಗ್ ಬೇಡ ಎನ್ನಲಿಲ್ಲ. ಬೇಡ ಎನ್ನುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇವತ್ತು ಮಣ್ಣು ಮಾಡಿದೆವು. ಅವನು ಸಿಕ್ಕ ದಿನದಿಂದ ಒಂಬತ್ತು ದಿನದ ಪ್ರಾರ್ಥನೆಗೆ ಸಾನಿಂಗ್ ನನ್ನನ್ನೇ ಕೂರಿಸಿದ್ದಾಳೆ. “ಜಪಸರ ಹಿಡ್ದು ತಪ್ಪಿಲ್ದೆ ಹೇಳೋಳು ನೀನೊಬ್ಳೇ ಮಾನಾ” ಎನ್ನುತ್ತಾಳೆ. ನಿನ್ನೆ ನಿನ್ನ ಕಾಗದ ಓದಿ ಮಡಿಸಿ ಎದೆಯಲ್ಲಿಟ್ಟುಕೊಂಡು ಹೋಗಿ ಅವಳ ಪಕ್ಕ ಕೂತು ಹೇಳಿಕೊಟ್ಟೆ. ಇವತ್ತೂ ಹೋಗಬೇಕು.

ನೀನು ಬರಬೇಡ. ಬರೆಯಬೇಡ. ಪತ್ರಿಕೆಯವರಿಗೆ ಬೇಡವೆಂದು ಹೇಳು.

ಡೊರಾಯ್

ಮನಿಲಾ
3 ಏಪ್ರಿಲ್ 2009

ಮಾನಾ,

ಬೇಡವೆಂದು ಹೇಳಿದ್ದೇನೆ. ಅಚ್ಚಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಸಂಪಾದಕರು ಒಳ್ಳೆಯವರೇ. “ಈಗ್ಲೇ ತೀರ್ಮಾನ ಬೇಡ. ಏಪ್ರಿಲ್ ಇಪ್ಪತ್ತರ ತನಕ ಯೋಚ್ನೆ ಮಾಡು, ಜಾಗ ಇಟ್ಟಿರ್ತೀನಿ” ಎಂದರು. ಯೋಚಿಸುವುದಕ್ಕೆ ಏನೂ ಇಲ್ಲ. ಮೇಡಂ ಬೆಲ್ಮೊಂತೆ ನನ್ನ ಮುಂದೆ ಒಂದು ಲೋಟ ನೀರಿಟ್ಟರು. ಅಳಬೇಡ ಎನ್ನಲಿಲ್ಲ.

ತಪ್ಪು ನಿನ್ನದಲ್ಲ. ನಿನ್ನಿಂದ ಮುಚ್ಚಿಟ್ಟೆ, ನೀನು ಹೆದರುತ್ತೀಯ ಎಂದು. ಮನೆಪಾಠ ಎಂದೆ. ನಾಲ್ಕು ವರ್ಷ ಓದಿದ್ದು, ಗೊತ್ತಿಲ್ಲದವರಿಗೆ ತಿಳಿಯುವಂತೆ ಹೇಳುವ ವಿದ್ಯೆಯನ್ನು. ಒಬ್ಬಳೇ ಒಬ್ಬ ಅಕ್ಕನಿಗೆ ತಿಳಿಯುವಂತೆ ಹೇಳಲು ಆಗಲಿಲ್ಲ.

ಮಾನೊ ಇಲ್ಯೊಂಗನ ಮಾತು ನನ್ನ ಟೇಪಿನಲ್ಲಿದೆ, ನಾಲ್ಕು ಗಂಟೆಯಷ್ಟು. ನಿನ್ನೆ ಹಾಕಿದೆ. ನಡುನಡುವೆ ನಿನ್ನ ಒಲೆಯ ಸದ್ದು, ನೀನು ಬೆಕ್ಕಿಗೆ ಬೈಯುವುದು ಕೇಳುತ್ತದೆ. ಪೂರ್ತಿ ಕೇಳಲಾಗಲಿಲ್ಲ. ಅದನ್ನು ಅಳಿಸಿಬಿಡುತ್ತೇನೆ. ಅವನಿಗೆ ಮಾತು ಕೊಟ್ಟಿದ್ದೆ, ಅವನ ಹೆಸರು ನನ್ನ ಬಾಯಿಂದ ಹೊರಬರುವುದಿಲ್ಲ ಎಂದು. ಆ ಮಾತು ಇಷ್ಟಾದರೂ ಉಳಿಯಲಿ.

ಪದವಿ ಪ್ರದಾನಕ್ಕೆ ನೀನು ಬರುವುದು ಬೇಡ. ನಾನೇ 25ಕ್ಕೆ ಮುಗಿಸಿಕೊಂಡು ಅಂದೇ ಬಸ್ಸು ಹತ್ತುತ್ತೇನೆ. ವರದಿ ಬರದಿದ್ದರೆ ನನ್ನನ್ನು ಯಾರೂ ಮುಟ್ಟುವುದಿಲ್ಲ. ಊರಲ್ಲೇ ಇದ್ದು ನಿನ್ನ ಅನ್ನದಂಗಡಿ ನೋಡಿಕೊಳ್ಳುತ್ತೇನೆ.

ಸಾನಿಂಗಳಿಗೆ ಏನು ಹೇಳಿದ್ದೀಯ?

ಜೊವಿ

ಹಿನಬುಯಾನ್
13 ಏಪ್ರಿಲ್ 2009

ಇಂದಾಯ್ ಜೊವಿ,

ಪವಿತ್ರ ವಾರವೆಂದು ಬಸ್ಸುಗಳಿರಲಿಲ್ಲ. ಇವತ್ತು ಹೊರಡುವ ಮೊದಲ ಬಸ್ಸಿಗೆ ಇದನ್ನು ಕೊಡುತ್ತಿದ್ದೇನೆ. ಇಪ್ಪತ್ತರ ಒಳಗೆ ಮುಟ್ಟುತ್ತದೆ. ಮುಟ್ಟದಿದ್ದರೆ ಎಂದು ಎರಡು ಪ್ರತಿ ಮಾಡಿ ಇನ್ನೊಂದನ್ನು ಫಾದರ್ ಕೈಯಲ್ಲಿ ಕಳಿಸಿದ್ದೇನೆ. ನನ್ನ ಅಕ್ಷರ ಕಾಗೆ ಕಾಲು, ಎರಡು ಸಲ ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಂಡಿತು.

ಸಾನಿಂಗಳಿಗೆ ಏನು ಹೇಳಿದೆ ಎಂದು ಕೇಳಿದ್ದೀಯ. ಎಲ್ಲ ಹೇಳಿದೆ. ಒಂಬತ್ತನೆಯ ದಿನ ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಪಾತ್ರೆ ತೊಳೆಯುತ್ತ ಹೇಳಿದೆ. ಫ್ಲೆಕ್ಸಿನ ಎರಡನೆಯ ಸಾಲು ಏನು, ಮೂರನೆಯದನ್ನು ಯಾರು ಬರೆಸಿದ್ದು, ಆ ಇಬ್ಬರಿಗೆ ಮನೆ ತೋರಿಸಿದ್ದು ಯಾರು, ಎಲ್ಲ. ಅವಳು ಬೋಗುಣಿ ಒರೆಸುತ್ತಲೇ ಇದ್ದಳು.

“ರಾತ್ರಿ ನಿದ್ದೇಲಿ ಎಣಿಸ್ತಿದ್ರು ಮಾನಾ” ಎಂದಳು. “ಒಂದು, ಎರಡು, ಮೂರು… ಹತ್ತೊಂಬತ್ತರ ತನಕ ಹೋಗಿ ಮತ್ತೆ ಒಂದ್ರಿಂದ. ಏನ್ ಎಣಿಸ್ತೀರಿ ಅಂದ್ರೆ ಇಟ್ಟಿಗೆ ಅನ್ನೋರು. ನಿನ್ ತಂಗಿ ಹತ್ರ ಮಾತಾಡಿದ್ಮೇಲೆ ಎಣಿಸೋದು ನಿಂತಿತ್ತು.”

ಆಮೇಲೆ ನನ್ನ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿ ಕೈಗೆ ಕೊಟ್ಟಳು. “ನಾಳೆಯಿಂದ ಬರ್ಬೇಡ” ಎಂದಳು. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಈಗ ಎದುರು ಬಂದರೆ ಅವಳು ರಸ್ತೆ ದಾಟಿ ಆ ಕಡೆ ನಡೆಯುತ್ತಾಳೆ.

ಅವಳಿಗೆ ಹೇಳಿದ್ದನ್ನು ನಿನಗೂ ಹೇಳಬೇಕು. ನಿನ್ನ ಟೇಪಿನಲ್ಲಿ ನನ್ನ ಒಲೆಯ ಸದ್ದು ಕೇಳುತ್ತದೆ ಎಂದೆಯಲ್ಲ. ಒಲೆಯ ಹತ್ತಿರ ನನ್ನ ಕಿವಿಯೂ ಇತ್ತು. ಸಮುದ್ರದ ಮರಳು ಎಂದದ್ದು ಕೇಳಿಸಿತು. ಮೇಯರ್ ಎದುರು ನಿಂತಿದ್ದ ಎಂದದ್ದೂ ಕೇಳಿಸಿತು. ಆಗ ಬೆಕ್ಕಿಲ್ಲದಿದ್ದರೂ ಬೆಕ್ಕಿಗೆ ಬೈದೆ, ಮುಂದಿನದು ಕೇಳದಿರಲೆಂದು. ನಾನು ಓದಿದ ಶಾಲೆಯಲ್ಲಿ ಮಕ್ಕಳು ಬರೆದದ್ದನ್ನು ಮೇಷ್ಟ್ರು ಓದಿ, ಅಂಕ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಗೆದ್ದಲು ತಿನ್ನುವ ತನಕ ಅದು ಅಲ್ಲೇ. ನಿನ್ನದೂ ಹಾಗೇ ಕಪಾಟಿಗೆ ಹೋಗುತ್ತದೆ, ಬಹುಮಾನ ಮಾತ್ರ ಮನೆಗೆ ಬರುತ್ತದೆ ಎಂದು ನಂಬಿದೆ. ನಂಬುವುದು ಸುಲಭವಿತ್ತು. ಆದ್ದರಿಂದ ತಪ್ಪು ನಿನ್ನದಲ್ಲ ಎಂದು ಇನ್ನೊಮ್ಮೆ ಬರೆಯಬೇಡ.

ಇನ್ನೊಂದಿದೆ. ಇದನ್ನು ಸಾನಿಂಗಳಿಗೂ ಹೇಳಿಲ್ಲ. ಮೂರು ವಾರದಿಂದ ನನ್ನೊಳಗೇ ಇದೆ. 21ರ ಬೆಳಿಗ್ಗೆ, ದೋಣಿಗೆ ಹೋಗುವ ಮುಂಚೆ, ಇಲ್ಯೊಂಗ್ ನನ್ನ ಅಡುಗೆಮನೆಗೆ ಬಂದಿದ್ದ. ನಾನು ಅನ್ನ ಬಸಿಯುತ್ತಿದ್ದೆ. ಕೂರಲಿಲ್ಲ. ಬರಿಗೈಯಲ್ಲಿದ್ದ.

“ಗಾರೆ ಕರಣಿ ಎಲ್ಲಿ ಮಾನೊ? ಮರೆತು ಬಂದ್ಯಾ?” ಎಂದೆ.

“ಅದರ ಕೆಲಸ ಬೀಳಲ್ಲ ಅನ್ಸುತ್ತೆ.”

“ಮತ್ತೆ ಯಾಕೆ ಹೋಗ್ತೀಯ?”

“ಹೋಗ್ದಿದ್ರೆ ಅವ್ರು ಮನೆಗೆ ಬರ್ತಾರೆ. ಮನೇಲಿ ಸಾನಿಂಗ್ ಇದಾಳೆ.” ಸ್ವಲ್ಪ ಹೊತ್ತು ನಾನೇ ಏನಾದರೂ ಹೇಳುತ್ತೇನೋ ಎಂಬಂತೆ ನಿಂತ. ನಾನು ಗಂಜಿ ಬಸಿಯುತ್ತಲೇ ಇದ್ದೆ. ಆಗ ಹೇಳಿದ, “ಜೊವಿಗೊಂದು ಮಾತು ತಲುಪಿಸು ಡೊರಾಯ್. ನಾನ್ ಹೇಳಿದ್ರಲ್ಲಿ ಒಂದಕ್ಷರಾನೂ ಅಳಿಸೋದು ಬೇಡ. ಹೆಸ್ರೂ ಹಾಕ್ಲಿ. ಬಚ್ಚಿಡೋಕೆ ಇನ್ನೇನುಳೀತು? ಕಲಸಿದ ಕೈ ಇವನದೇ ಅಂತ ಜನಕ್ಕೆ ಗೊತ್ತಾಗ್ಲಿ. ಕಲಸಿಸ್ದೋನ್ ಯಾರು ಅಂತಾನೂ ಗೊತ್ತಾಗ್ಲಿ.”

ಅವನು ಹೋದ ಮೇಲೆ ಇದನ್ನು ನಿನಗೆ ಬರೆಯಬಾರದು ಎಂದು ತೀರ್ಮಾನಿಸಿದೆ. ಬರೆದರೆ ನೀನು ಅಚ್ಚು ಹಾಕಿಸುತ್ತೀಯ. ಅಚ್ಚಾದರೆ ನಿನಗೂ ದೋಣಿ ಬರುತ್ತದೆ. ಅವನು ಹೇಗೂ ಸತ್ತ, ಸತ್ತವನಿಗೆ ಮಾತು ತಲುಪಿದರೇನು ಬಿಟ್ಟರೇನು ಎಂದು ಒಂಬತ್ತು ದಿನ ಅವನ ಆತ್ಮಕ್ಕೆ ಶಾಂತಿ ಕೋರುತ್ತಲೇ ಅವನ ಮಾತನ್ನು ನುಂಗಿ ಕೂತಿದ್ದೆ. ಟೇಪು ಅಳಿಸುತ್ತೇನೆ ಎಂದು ನೀನು ಬರೆದೆ ನೋಡು, ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ನೀನು ಉಳಿಸಿಕೊಂಡಿರುವ ಮಾತಿನಿಂದ ಅವನೇ ನಿನ್ನನ್ನು ಬಿಡಿಸಿ ಹೋಗಿದ್ದ. ಹೇಳಬೇಕಾದವಳು ನಾನು, ಹೇಳದೆ ಉಳಿದೆ.

ಅದು ತಿನ್ನು, ಇದು ಉಡು, ಅಲ್ಲಿ ಹೋಗಬೇಡ ಎಂದು ನೀನು ಹುಟ್ಟಿದಾಗಿನಿಂದ ಹೇಳಿದವಳು ನಾನು. ಈ ಒಂದಕ್ಕೆ ಹೀಗೆ ಮಾಡು ಎಂದು ಹೇಳುವುದಿಲ್ಲ. ಇಷ್ಟು ಮಾತ್ರ: ಅಚ್ಚು ಹಾಕಿಸುವುದಾದರೆ ಊರಿಗೆ ಬರಬೇಡ. ಈ ವರ್ಷವೂ ಬೇಡ, ಮುಂದಿನ ವರ್ಷವೂ ಬೇಡ, ನಾನು ಸತ್ತರೂ ಬೇಡ. ಹಾಕಿಸದಿದ್ದರೆ ಬಾ.

ಯಾವುದೆಂದು ಕಾಗದ ಹಾಕಬೇಡ. ಕಾಗದ ಈಸಿಕೊಳ್ಳುವಾಗ ಡೊಡೊಂಗ್ ಈಗ ಸುತ್ತಮುತ್ತ ನೋಡುತ್ತಾನೆ. ಮನಿಲಾದ ಪತ್ರಿಕೆ ನಮ್ಮೂರಿಗೆ ಬರುವುದೂ ಇಲ್ಲ. 27ರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ. ಎಲ್ಲರೂ ಇಳಿದು ಬಸ್ಸು ಖಾಲಿಯಾಗುವ ತನಕ ನೋಡುತ್ತೇನೆ. ಆಮೇಲೆ ಮನೆಗೆ ಬಂದು, ನೀನು ಇಳಿದಿದ್ದರೆ ಇಬ್ಬರಿಗೆ, ಇಳಿಯದಿದ್ದರೆ ಒಬ್ಬಳಿಗೆ ಅಕ್ಕಿ ತೊಳೆಯುತ್ತೇನೆ.

ನಿನ್ನ ಅಕ್ಕ,
ಡೊರಾಯ್